ತಮ್ಮನ ಕೂದಲು, ಟ್ಯೂರಿಂಗನ ಲೆಕ್ಕ

ಏಪ್ರಿಲ್ ಬಂತೆಂದರೆ ನಮ್ಮ ಅವ್ವನಿಗೆ ನಿದ್ದೆ ಕಡಿಮೆ. ಶಹಾಪುರದ ಬಿಸಿಲು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಬಂಡೆಗಳು ಹಗಲಿಡೀ ಕಾದು, ರಾತ್ರಿ ಹತ್ತಾದರೂ ಬಿಸಿ ಉಗುಳುತ್ತಲೇ ಇರುತ್ತವೆ. ನಾವೆಲ್ಲ ಬೆವರಿ ಬೆವರಿ ಸಾಕಾಗಿ ಬಿಸಿಲನ್ನು ಬೈದುಕೊಳ್ಳುತ್ತೇವೆ. ನನ್ನ ತಮ್ಮ ಮಾತ್ರ ಬೆವರುವುದಿಲ್ಲ. ಸ್ವಲ್ಪ ಹೊತ್ತು ಬಿಸಿಲಲ್ಲಿ ಆಡಿದರೆ ಸಾಕು, ಅವನ ಮೈ ಜ್ವರ ಬಂದಂತೆ ಸುಡುತ್ತದೆ. ಅದಕ್ಕೇ ಅವನ ಶಾಲೆಯ ಚೀಲದಲ್ಲಿ ಪುಸ್ತಕದ ಜೊತೆ ಎರಡು ಬಾಟಲಿ ನೀರು, ಒಂದು ಒದ್ದೆ ಟವೆಲ್ ಇರುತ್ತವೆ. ತಲೆಯ ಮೇಲೆ ಕೂದಲು ಅಲ್ಲೊಂದು ಇಲ್ಲೊಂದು. ಬಾಯಲ್ಲಿ ಏಳೇ ಏಳು ಹಲ್ಲು, ಅವೂ ಮೊಳೆಯಂತೆ ಚೂಪು.

ಅವ್ವನ ತವರು ಸುರಪುರ. ಅಲ್ಲಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಅದೇ ಮಾತು ತೆಗೆಯುತ್ತಾರೆ. ಬಸುರಿ ಇದ್ದಾಗ ಗ್ರಹಣದ ಹೊತ್ತಲ್ಲಿ ಹೊರಗೆ ಹೋಗಿದ್ದೆಯಂತೆ, ಅದಕ್ಕೇ ಹುಡುಗ ಹೀಗಾದ ಎಂದು. ಅವ್ವ ಎದುರು ಮಾತಾಡುವುದಿಲ್ಲ. ಆ ದಿನ ಹೊರಗೆ ಹೋಗಿದ್ದೆನೋ ಇಲ್ಲವೋ ಎಂದು ಎಷ್ಟೋ ವರ್ಷಗಳಿಂದ ತನ್ನಷ್ಟಕ್ಕೆ ತಾನೇ ನೆನಪಿಸಿಕೊಳ್ಳುತ್ತಿದ್ದಾಳೆ.

ಎರಡು ವರ್ಷದ ಹಿಂದೆ ದೊಡ್ಡ ಊರಿನ ಡಾಕ್ಟರೊಬ್ಬರು ತಮ್ಮನ ಸ್ಥಿತಿಗೆ ಒಂದು ಹೆಸರು ಹೇಳಿದರು: ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ. ಕೂದಲು, ಹಲ್ಲು, ಬೆವರಿನ ಗ್ರಂಥಿ ಮೂರೂ ಗರ್ಭದಲ್ಲಿ ಒಂದೇ ಹೊರಪದರದಿಂದ ಹುಟ್ಟುತ್ತವೆ, ಆ ಹೊತ್ತಲ್ಲಿ ಜೀವಕೋಶಗಳಿಗೆ ಸಿಗಬೇಕಾದ ಒಂದು ಸಂದೇಶ ಸಿಕ್ಕಿಲ್ಲ ಎಂದು ತಿಳಿಸಿ ಹೇಳಿದರು. ನಾನು ಯಾದಗಿರಿಯಲ್ಲಿ ಬಿಎಸ್ಸಿ ಓದುವವನು. ಜೀವಕೋಶಗಳು ಒಂದಕ್ಕೊಂದು ಏನು ಸಂದೇಶ ಕೊಡುತ್ತವೆ, ಕೂದಲು ಎಲ್ಲಿ ಹುಟ್ಟಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂದು ಓದುತ್ತಾ ಹೋದೆ. ಜೀವಶಾಸ್ತ್ರಜ್ಞನೊಬ್ಬನ ಹೆಸರು ಸಿಗುತ್ತದೆ ಅಂದುಕೊಂಡಿದ್ದೆ. ಸಿಕ್ಕಿದ್ದು ನಮ್ಮ ಕಂಪ್ಯೂಟರ್ ಪುಸ್ತಕದ ಮೊದಲ ಪಾಠದಲ್ಲಿ ಬರುವ ಅಲನ್ ಟ್ಯೂರಿಂಗ್! ಅವನ ಬದುಕನ್ನು ಓದಿದ ಮೇಲೆ ನನಗೆ ತಿಳಿದಷ್ಟನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅನ್ನಿಸಿತು.

ತುಂಗಭದ್ರೆಯ ಸೇತುವೆ

ನಮ್ಮವರು ಮಂತ್ರಾಲಯಕ್ಕೆ ಹೋಗುವಾಗ ಯಾದಗಿರಿಯಲ್ಲಿ ರೈಲು ಹತ್ತುತ್ತಾರೆ. ಸೈದಾಪುರ ದಾಟಿ, ಕೃಷ್ಣೆಯನ್ನು ದಾಟಿ, ರಾಯಚೂರು ಬಂದು ಹೋದ ಮೇಲೆ, ಮಂತ್ರಾಲಯ ರೋಡ್ ಸ್ಟೇಷನ್ನಿಗಿಂತ ಮೊದಲು ತುಂಗಭದ್ರೆ ಸಿಗುತ್ತಾಳೆ. ಮುಂಬೈ ಕಡೆಯಿಂದ ಬಂದ ರೈಲು ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಆ ಮದ್ರಾಸ್ ರೈಲ್ವೆಯಲ್ಲಿ ಮುಖ್ಯ ಎಂಜಿನಿಯರ್ ಹುದ್ದೆಗೇರಿ, ತುಂಗಭದ್ರಾ ಸೇತುವೆ ಕಟ್ಟಿಸಿದವನೆಂದು ಹೆಸರಾದ ವ್ಯಕ್ತಿ ಎಡ್ವರ್ಡ್ ವಾಲರ್ ಸ್ಟೋನಿ. ಸದ್ದು ಮಾಡದ ಪಂಖಾ ಚಕ್ರವೊಂದನ್ನು ಕಂಡುಹಿಡಿದು ಪೇಟೆಂಟ್ ಪಡೆದವನೂ ಇವನೇ. ಈತ ಅಲನ್ ಟ್ಯೂರಿಂಗನ ತಾಯಿಯ ತಂದೆ. ತಾಯಿ ಈಥೆಲ್ ಸಾರಾ ಹುಟ್ಟಿದ್ದು 1881ರಲ್ಲಿ, ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ.

ತಂದೆ ಜೂಲಿಯಸ್ ಟ್ಯೂರಿಂಗ್ 1896ರಲ್ಲಿ ಐಸಿಎಸ್ ಅಧಿಕಾರಿಯಾಗಿ ಮದ್ರಾಸಿಗೆ ಬಂದವನು. ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಸಹಾಯಕ ಕಲೆಕ್ಟರ್ ಮತ್ತು ಮ್ಯಾಜಿಸ್ಟ್ರೇಟ್ ಆಗಿ ಕೆಲಸ ಮಾಡಿದ. ಆಗ ನಮ್ಮ ಯಾದಗಿರಿ, ಶಹಾಪುರ, ಸುರಪುರ ನಿಜಾಮನ ರಾಜ್ಯದಲ್ಲಿದ್ದವು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಜೂಲಿಯಸ್ ಮತ್ತು ಸಾರಾ 1907ರಲ್ಲಿ ಮದುವೆಯಾದರು. ಹಿರಿಯ ಮಗ ಜಾನ್ ಹುಟ್ಟಿದ್ದು ನೀಲಗಿರಿಯ ಕೂನೂರಿನಲ್ಲಿ. ಎರಡನೆಯವನು ಅಲನ್ ಮಾತ್ರ 1912ರ ಜೂನ್ 23ರಂದು ಲಂಡನ್ನಿನಲ್ಲಿ ಹುಟ್ಟಿದ.

ಇಲ್ಲಿಯ ಬಿಸಿಲು, ಇಲ್ಲಿಯ ಕಾಯಿಲೆ ಮಕ್ಕಳಿಗೆ ತಾಳದು ಎಂಬ ಭಯದಿಂದ ಆ ಕಾಲದ ಇಂಗ್ಲಿಷ್ ಅಧಿಕಾರಿಗಳು ಮಕ್ಕಳನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಅಲನ್ ಮತ್ತು ಜಾನ್ ಸಮುದ್ರದಂಡೆಯ ಊರೊಂದರಲ್ಲಿ ಒಬ್ಬ ನಿವೃತ್ತ ಕರ್ನಲ್ ದಂಪತಿಯ ಮನೆಯಲ್ಲಿ ಬೆಳೆದರು. ತಂದೆ ತಾಯಿ ಬಂದರೆ ಬಂದರು, ಹೋದರೆ ಹೋದರು. ಅಜ್ಜ ಸೇತುವೆ ಕಟ್ಟಿದ, ಅಪ್ಪ ಕಚೇರಿ ನಡೆಸಿದ, ಅವ್ವ ಹುಟ್ಟಿದ ಈ ನೆಲಕ್ಕೆ ಅಲನ್ ಒಮ್ಮೆಯೂ ಕಾಲಿಡಲಿಲ್ಲ.

ಹೂವು ನೋಡುತ್ತಾ ನಿಂತ ಹುಡುಗ

ಹುಡುಗನಿಗೆ ಹತ್ತು ವರ್ಷವಿದ್ದಾಗ ಮಕ್ಕಳಿಗಾಗಿ ಬರೆದ ವಿಜ್ಞಾನದ ಪುಸ್ತಕವೊಂದು ಕೈಗೆ ಸಿಕ್ಕಿತು. ಮನುಷ್ಯನ ದೇಹವೂ ಒಂದು ಬಗೆಯ ಯಂತ್ರ, ಅದು ಸಣ್ಣ ಸಣ್ಣ ಜೀವಕೋಶಗಳಿಂದ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ಅದರಲ್ಲಿ ಬರೆದಿತ್ತು. ತನಗೆ ವಿಜ್ಞಾನದ ಕಣ್ಣು ತೆರೆಸಿದ್ದು ಆ ಪುಸ್ತಕವೇ ಎಂದು ಮುಂದೆ ಅವನೇ ತಾಯಿಗೆ ಹೇಳಿದ್ದುಂಟು.

1923ರಲ್ಲಿ ತಾಯಿ ಒಂದು ಚಿತ್ರ ಬರೆದಳು. ಶಾಲೆಯ ಮೈದಾನದಲ್ಲಿ ಹುಡುಗರೆಲ್ಲ ಹಾಕಿ ಆಡುತ್ತಿದ್ದಾರೆ. ಒಬ್ಬ ಹುಡುಗ ಮಾತ್ರ ಕೋಲು ಹಿಡಿದು, ಬಗ್ಗಿ, ನೆಲದಲ್ಲಿ ಅರಳಿದ ಡೈಸಿ ಹೂವನ್ನು ನೋಡುತ್ತಿದ್ದಾನೆ. ಅದು ಅಲನ್. ಆಟ ಬಾರದ ಹುಡುಗನನ್ನು ನೋಡಿ ನಗುತ್ತಾ ಬರೆದ ಚಿತ್ರ ಅದು. ಆದರೆ ಹೂವಿನ ಎಸಳುಗಳು ಯಾಕೆ ಹಾಗೆ ಜೋಡಿಸಿಕೊಂಡಿವೆ ಎಂಬ ಪ್ರಶ್ನೆ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರುವ ದಿನ ಇಡೀ ಇಂಗ್ಲೆಂಡಿನಲ್ಲಿ ಮುಷ್ಕರ, ರೈಲಿಲ್ಲ. ಹದಿಮೂರರ ಹುಡುಗ ಸೈಕಲ್ ಹತ್ತಿ ಸುಮಾರು ನೂರು ಕಿಲೋಮೀಟರ್ ತುಳಿದು, ದಾರಿಯಲ್ಲಿ ಒಂದು ರಾತ್ರಿ ತಂಗಿ, ಶಾಲೆ ಮುಟ್ಟಿದ. ಕೈಬರಹ ಕೆಟ್ಟದು, ಬಟ್ಟೆಯ ಮೇಲೆ ಶಾಯಿ ಕಲೆ, ಮೇಷ್ಟ್ರುಗಳಿಗೆ ಅಷ್ಟಕ್ಕಷ್ಟೆ. ಅಲ್ಲಿ ಅವನಿಗೆ ಸಿಕ್ಕ ಜೀವದ ಗೆಳೆಯ ಕ್ರಿಸ್ಟೋಫರ್ ಮಾರ್ಕಂ. ಇಬ್ಬರೂ ಸೇರಿ ನಕ್ಷತ್ರ ನೋಡುತ್ತಿದ್ದರು, ಲೆಕ್ಕ ಮಾಡುತ್ತಿದ್ದರು. 1930ರ ಫೆಬ್ರವರಿಯಲ್ಲಿ ಕ್ರಿಸ್ಟೋಫರ್ ಕ್ಷಯದಿಂದ ತೀರಿಕೊಂಡ. ಗೆಳೆಯ ಮಾಡಬೇಕಿದ್ದ ಕೆಲಸವನ್ನೂ ತಾನೇ ಮಾಡಬೇಕು ಎಂಬ ಹಟ ಅಲನ್‌ನೊಳಗೆ ಬೆಳೆಯಿತು. ಮುಂದೆ ಆತ ಮಾಡಿದ್ದನ್ನು ನೋಡಿದರೆ ನಿಜಕ್ಕೂ ಇಬ್ಬರ ಕೆಲಸ ಮಾಡಿದ ಹಾಗೆಯೇ ಇದೆ.

ಎಲ್ಲರಿಗೂ ಗೊತ್ತಿರುವ ಟ್ಯೂರಿಂಗ್

ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಓದಿ, 22ನೇ ವಯಸ್ಸಿಗೇ ಅಲ್ಲಿ ಫೆಲೋ ಆದ. 1936ರಲ್ಲಿ ಒಂದು ಪ್ರಬಂಧ ಬರೆದ. ಉದ್ದನೆಯ ಪಟ್ಟಿ, ಅದರ ಮೇಲೆ ಗುರುತು, ಗುರುತು ಓದಿ ಮುಂದಿನ ಹೆಜ್ಜೆ ಇಡುವ ಒಂದು ಸರಳ ಯಂತ್ರ. ಲೆಕ್ಕ ಎಂದು ಕರೆಯಬಹುದಾದ ಎಲ್ಲವನ್ನೂ ಇಂಥ ಯಂತ್ರ ಮಾಡಬಲ್ಲದು ಎಂದು ತೋರಿಸಿದ. ನಮ್ಮ ಜೇಬಿನಲ್ಲಿರುವ ಮೊಬೈಲಿನ ಹಿಂದೆಯೂ ಆ ವಿಚಾರವಿದೆ.

ಎರಡನೇ ಮಹಾಯುದ್ಧಕ್ಕೆ ಬ್ರಿಟನ್ ಇಳಿದ ಮರುದಿನ, 1939ರ ಸೆಪ್ಟೆಂಬರ್ 4ರಂದು, ಬ್ಲೆಚ್ಲಿ ಪಾರ್ಕ್ ಎಂಬ ಗುಟ್ಟಿನ ಕೇಂದ್ರಕ್ಕೆ ಹಾಜರಾದ. ಜರ್ಮನ್ನರು ಎನಿಗ್ಮಾ ಯಂತ್ರದಿಂದ ಕಳಿಸುತ್ತಿದ್ದ ಗುಪ್ತ ಸಂದೇಶಗಳನ್ನು ಬಿಡಿಸುವುದು ಅಲ್ಲಿಯ ಕೆಲಸ. ಪೋಲೆಂಡಿನ ಗಣಿತಜ್ಞರು ಮೊದಲೇ ಹಾಕಿಕೊಟ್ಟ ದಾರಿಯಲ್ಲಿ ಮುಂದೆ ಹೋಗಿ ಬಾಂಬ್ ಎಂಬ ಹೆಸರಿನ ದೊಡ್ಡ ಯಂತ್ರವನ್ನು ರೂಪಿಸಿದ. ಅಟ್ಲಾಂಟಿಕ್ ಸಾಗರದಲ್ಲಿ ಹಡಗು ಮುಳುಗಿಸುತ್ತಿದ್ದ ಜರ್ಮನ್ ಸಬ್‌ಮರೀನುಗಳ ಸಂದೇಶ ಓದುವ ತಂಡಕ್ಕೆ ಆತನೇ ಮುಂದಾಳು. ವಿಚಿತ್ರ ಮನುಷ್ಯ. ಹೂವಿನ ಪರಾಗದ ಅಲರ್ಜಿಗೆ ಹೆದರಿ ಗ್ಯಾಸ್ ಮಾಸ್ಕ್ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದ. ಯಾರಾದರೂ ಒಯ್ದಾರೆಂದು ಚಹಾದ ಮಗ್ಗನ್ನು ಸರಪಳಿ ಹಾಕಿ ಕಟ್ಟಿಡುತ್ತಿದ್ದ. ಯುದ್ಧದ ನಂತರ ಓಟಕ್ಕಿಳಿದು 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷದಲ್ಲಿ ಮುಗಿಸಿ ರಾಷ್ಟ್ರೀಯ ಮಟ್ಟದಲ್ಲಿ ಐದನೆಯವನಾಗಿ ಬಂದ. ಹಾಕಿ ಮೈದಾನದಲ್ಲಿ ಹೂವು ನೋಡುತ್ತಾ ನಿಂತವನೇ ಇವನು!

ಯುದ್ಧದ ಕೆಲಸ ಗುಟ್ಟಿನದಾದ್ದರಿಂದ ಅದರ ಬಗ್ಗೆ ಯಾರಿಗೂ ಹೇಳುವ ಹಾಗಿರಲಿಲ್ಲ. ಕಂಪ್ಯೂಟರ್ ಕಟ್ಟುವ ಕನಸು ಹೊತ್ತು ಮೊದಲು ಲಂಡನ್ನಿನ ಹತ್ತಿರ, ನಂತರ 1948ರಿಂದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ. ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಯನ್ನು 1950ರಲ್ಲಿ ಕೇಳಿದ. ಇಂದಿನ ಎಐ ಬಗ್ಗೆ ಮಾತಾಡುವವರೆಲ್ಲ ಆ ಪ್ರಬಂಧದ ಹೆಸರು ಹೇಳುತ್ತಾರೆ. ಇಷ್ಟು ನಮಗೆ ಗೊತ್ತು. ನನ್ನ ತಮ್ಮನಿಗೆ ಸಂಬಂಧಪಟ್ಟದ್ದು ಇದರ ನಂತರದ್ದು.

ಹಸುವಿನ ಮೈಯ ಮಚ್ಚೆ

1951ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರಿಗೆ ಫೆರಾಂಟಿ ಕಂಪನಿಯ ಹೊಸ ಕಂಪ್ಯೂಟರ್ ಬಂತು. ಅದನ್ನು ಇಟ್ಟುಕೊಂಡು ಗಣಿತದ ಯಾವ ದೊಡ್ಡ ಸಮಸ್ಯೆಯನ್ನಾದರೂ ಬಿಡಿಸಬಹುದಿತ್ತು. ಟ್ಯೂರಿಂಗ್ ಕೈಗೆತ್ತಿಕೊಂಡದ್ದು ಭ್ರೂಣವನ್ನು. ಅವನ ಪ್ರಶ್ನೆ ಮಗು ಕೇಳುವಂಥದ್ದು. ಮೊದಲಲ್ಲಿ ಭ್ರೂಣದ ಜೀವಕೋಶಗಳೆಲ್ಲ ಒಂದೇ ಥರ. ಒಂದೇ ಥರದವುಗಳಿಂದ ಬೇರೆ ಬೇರೆ ಹೇಗೆ ಹುಟ್ಟುತ್ತದೆ? ಹಸುವಿನ ಮೈಯಲ್ಲಿ ಇಲ್ಲಿ ಕಪ್ಪು, ಅಲ್ಲಿ ಬಿಳಿ ಎಂದು ಯಾರು ನಿರ್ಧರಿಸುತ್ತಾರೆ?

ನಮ್ಮ ಕಡೆ ಹತ್ತಿ ಬೀಜ ಊರುವುದನ್ನು ನೋಡಿದ್ದೀರಿ. ಸಾಲು ಹೊಡೆದು, ಅಳತೆ ಹಿಡಿದು, ಇಷ್ಟು ಗೇಣಿಗೊಂದು ಎಂದು ಬೀಜ ಹಾಕುತ್ತಾ ಹೋಗುತ್ತಾರೆ. ಅಲ್ಲಿ ಅಳೆಯುವವರಿದ್ದಾರೆ. ಗರ್ಭದಲ್ಲಿರುವ ಕೂಸಿನ ಚರ್ಮದಲ್ಲಿ ಅಳೆಯುವವರಿಲ್ಲ. ಆದರೂ ಕೂದಲುಗಳು ಒಂದರ ಮೇಲೊಂದು ಬೀಳುವುದಿಲ್ಲ, ಹೆಚ್ಚು ಕಡಿಮೆ ಸಮ ಅಂತರದಲ್ಲಿ ಹುಟ್ಟುತ್ತವೆ.

ಟ್ಯೂರಿಂಗ್ ಹೇಳಿದ್ದು ಇಷ್ಟು. ಎರಡು ರಾಸಾಯನಿಕಗಳಿವೆ ಅಂದುಕೊಳ್ಳಿ. ಎರಡೂ ಕೋಶದಿಂದ ಕೋಶಕ್ಕೆ ಹರಡುತ್ತವೆ, ಆದರೆ ಬೇರೆ ಬೇರೆ ವೇಗದಲ್ಲಿ, ಒಂದರ ಮೇಲೊಂದು ಪರಿಣಾಮ ಮಾಡುತ್ತಾ. ನೀರಿಗೆ ಶಾಯಿ ಹನಿ ಬಿದ್ದರೆ ಹರಡಿ ಕೊನೆಗೆ ಎಲ್ಲ ಕಡೆ ಸಮನಾಗುತ್ತದೆ. ಹರಡುವುದೆಂದರೆ ಸಮವಾಗುವುದು ಎಂದೇ ಎಲ್ಲರೂ ನಂಬಿದ್ದರು. ಇಂಥ ಎರಡು ರಾಸಾಯನಿಕಗಳಿದ್ದಾಗ ಹರಡುವಿಕೆಯೇ ಸಮತೆಯನ್ನು ಮುರಿದು, ಒಂದಿಷ್ಟು ದೂರಕ್ಕೊಂದು ಮಚ್ಚೆಯನ್ನು ಎಬ್ಬಿಸಬಲ್ಲದು ಎಂದು ಟ್ಯೂರಿಂಗ್ ಗಣಿತದಿಂದ ತೋರಿಸಿದ. ಮೊದಲಿಗೆ ಬೇಕಾದದ್ದು ಎಲ್ಲೋ ಒಂದು ಚೂರು ಏರುಪೇರು, ಅಷ್ಟೆ.

ಇದನ್ನು ನನ್ನ ತಮ್ಮನಿಗೆ ನಾನು ಹೇಳಿಕೊಟ್ಟದ್ದು ಚಹಾ ಅಂಗಡಿಯ ಲೆಕ್ಕದಲ್ಲಿ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಯಾರೋ ಒಬ್ಬ ಚಹಾ ಅಂಗಡಿ ಇಟ್ಟ ಅಂದುಕೊ. ನಾಲ್ಕು ಜನ ನಿಲ್ಲುತ್ತಾರೆ. ಜನ ನಿಂತಿದ್ದಾರೆಂದು ಇನ್ನೂ ನಾಲ್ಕು ಜನ ನಿಲ್ಲುತ್ತಾರೆ, ಅಲ್ಲೇ ಮಿರ್ಚಿ ಭಜಿ ಬಂಡಿಯೂ ಬರುತ್ತದೆ. ಹೀಗೆ ಆ ಜಾಗ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಆದರೆ ಅದರ ಹೆಸರು ದಾರಿಯುದ್ದಕ್ಕೂ ಹಬ್ಬಿ, ಹತ್ತಿರದಲ್ಲಿ ಇನ್ನೊಬ್ಬ ಅಂಗಡಿ ಇಟ್ಟರೆ ಗಿರಾಕಿ ಸಿಗುವುದಿಲ್ಲ. ಬಹಳ ದೂರ ಹೋದ ಮೇಲೆ, ಆ ಹೆಸರು ಮುಟ್ಟದ ಜಾಗದಲ್ಲಿ, ಮತ್ತೊಂದು ಅಂಗಡಿ ಏಳುತ್ತದೆ. ಯಾರೂ ಅಳತೆ ಹಿಡಿದು ಜಾಗ ಹಂಚಿಲ್ಲ. ಆದರೂ ಅಂತರ ತಾನಾಗಿಯೇ ಬಂತು. ತಮ್ಮ ಕೇಳಿ, ಹಾಗಾದರೆ ನನ್ನ ತಲೆಯಲ್ಲಿ ಅಂಗಡಿ ಇಡುವವರೇ ಬರಲಿಲ್ಲವಾ ಎಂದು ನಕ್ಕ. ನನಗೆ ನಗಲಾಗಲಿಲ್ಲ.

ಆ ಪ್ರಬಂಧದಲ್ಲಿ ಮಚ್ಚೆಗಳ ಒಂದು ಚಿತ್ರವಿದೆ. ಹಂಡಬಂಡ ಹಸುವಿನ ಮೈಯಂತಿದೆ. ಅದನ್ನು ಆತ ಕೈಯಲ್ಲೇ ಲೆಕ್ಕ ಮಾಡಿ ತೆಗೆದದ್ದು. ರಾಯಲ್ ಸೊಸೈಟಿಗೆ ಪ್ರಬಂಧ ತಲುಪಿದ್ದು 1951ರ ನವೆಂಬರಿನಲ್ಲಿ, ಅಚ್ಚಾದದ್ದು 1952ರ ಆಗಸ್ಟ್ 14ರಂದು. ಈ ಒಂಬತ್ತು ತಿಂಗಳ ನಡುವೆ ಟ್ಯೂರಿಂಗನ ಬದುಕು ತಲೆಕೆಳಗಾಯಿತು.

ಚುಚ್ಚುಮದ್ದಿನ ಒಂದು ವರ್ಷ

1952ರ ಜನವರಿಯಲ್ಲಿ ಆತನ ಮನೆಯಲ್ಲಿ ಸಣ್ಣ ಕಳ್ಳತನವಾಯಿತು. ಪೊಲೀಸರಿಗೆ ದೂರು ಕೊಟ್ಟವನು ಆತನೇ. ವಿಚಾರಣೆಯಲ್ಲಿ ತನಗೆ ಒಬ್ಬ ಯುವಕನ ಜೊತೆ ಸಂಬಂಧವಿದೆ ಎಂಬುದನ್ನು ಮುಚ್ಚಿಡದೆ ಹೇಳಿಬಿಟ್ಟ. ಗಂಡಸು ಗಂಡಸನ್ನು ಪ್ರೀತಿಸುವುದು ಆಗಿನ ಇಂಗ್ಲೆಂಡಿನಲ್ಲಿ ಅಪರಾಧ. ಕಳ್ಳನನ್ನು ಹಿಡಿಯಲು ಬಂದವರು ಮನೆಯವನನ್ನೇ ಹಿಡಿದರು. ಮಾರ್ಚ್ 31ರಂದು ಶಿಕ್ಷೆಯಾಯಿತು. ಜೈಲಿಗೆ ಹೋಗದಿರಬೇಕಾದರೆ ಒಂದು ವರ್ಷ ಹೆಣ್ಣಿನ ಹಾರ್ಮೋನ್ ತೆಗೆದುಕೊಳ್ಳಬೇಕು ಎಂಬ ಷರತ್ತು. ಆತ ಅದನ್ನೇ ಒಪ್ಪಿಕೊಂಡ. ಮ್ಯಾರಥಾನ್ ಓಡಿದ ಆ ದೇಹ ಬದಲಾಯಿತು, ಎದೆ ಬೆಳೆಯತೊಡಗಿತು. ಸರ್ಕಾರದ ಗುಪ್ತ ಸಂಕೇತದ ಕೆಲಸದ ಬಾಗಿಲು ಮುಚ್ಚಿತು. ಯುದ್ಧದಲ್ಲಿ ಆತ ಏನು ಮಾಡಿದ್ದ ಎಂದು ನ್ಯಾಯಾಲಯದಲ್ಲಿ ಬಿಡಿಸಿ ಹೇಳುವ ಹಾಗೂ ಇರಲಿಲ್ಲ.

ಚರ್ಮದ ಮೇಲೆ ಮಚ್ಚೆ ಹೇಗೆ ಮೂಡುತ್ತದೆ, ಒಂದೇ ಥರದ ಕೋಶಗಳಲ್ಲಿ ಬೇರೆತನ ಹೇಗೆ ಹುಟ್ಟುತ್ತದೆ ಎಂದು ಲೆಕ್ಕ ಹಾಕುತ್ತಿದ್ದವನಿಗೆ, ನೀನು ಬೇರೆ ಥರ ಇದ್ದೀಯ ಎಂಬುದಕ್ಕೇ ಶಿಕ್ಷೆ. ಇದನ್ನು ಓದುವಾಗ ನನಗೆ ಸುರಪುರದ ಮನೆಯ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತ ಅವ್ವ ನೆನಪಾದಳು. ಎರಡೂ ಒಂದೇ ಅಲ್ಲ, ಗೊತ್ತು. ಆದರೆ ಮೈಯಲ್ಲಿ ಹುಟ್ಟಿ ಬಂದದ್ದಕ್ಕೆ ತಪ್ಪು ಮಾಡಿದವರನ್ನು ಹುಡುಕುವ ಚಾಳಿ ಎರಡೂ ಕಡೆ ಒಂದೇ.

ಟ್ಯೂರಿಂಗ್ ಕೆಲಸ ಬಿಡಲಿಲ್ಲ. ಸೂರ್ಯಕಾಂತಿಯ ಬೀಜಗಳ ಸುರುಳಿ, ಫರ್ ಮರದ ಕಾಯಿಯ ಸಾಲು, ಡೈಸಿ ಹೂವು, ಇವುಗಳ ಗಣಿತದಲ್ಲೇ ಮುಳುಗಿದ. ಹುಡುಗನಾಗಿದ್ದಾಗ ಬಗ್ಗಿ ನೋಡಿದ ಹೂವಿಗೇ ಮರಳಿ ಬಂದಂತಾಯಿತು. ಕಂಪ್ಯೂಟರಿನಿಂದ ಬಂದ ಅಂಕಿಗಳ ಹಾಳೆಗಳ ಮೇಲೆ ಕೈಯಿಂದ ಗೆರೆ ಎಳೆದು ಮಚ್ಚೆಗಳನ್ನು ಗುರುತಿಸುತ್ತಿದ್ದ. 1953ರ ಏಪ್ರಿಲ್ ಹೊತ್ತಿಗೆ ಶಿಕ್ಷೆಯ ಅವಧಿ ಮುಗಿಯಿತು. ಅದೇ ತಿಂಗಳು ಡಿಎನ್ಎ ರಚನೆ ಪ್ರಕಟವಾಗಿ ಜೀವಶಾಸ್ತ್ರಜ್ಞರ ಗಮನವೆಲ್ಲ ಆ ಕಡೆ ಹರಿಯಿತು. ಟ್ಯೂರಿಂಗನ ಮಚ್ಚೆಯ ಲೆಕ್ಕವನ್ನು ಕೇಳುವವರು ಕಡಿಮೆಯಾದರು.

1954ರ ಜೂನ್ 8ರಂದು ವಿಲ್ಮ್ಸ್ಲೋದ ಮನೆಯಲ್ಲಿ ಕೆಲಸದಾಕೆ ಆತನ ಹೆಣ ಕಂಡಳು. ಸಾವು ಹಿಂದಿನ ದಿನವೇ ಆಗಿತ್ತು, ಸಯನೈಡ್ ವಿಷದಿಂದ. 42 ತುಂಬಲು ಎರಡು ವಾರ ಬಾಕಿ ಇತ್ತು. ಆತ್ಮಹತ್ಯೆ ಎಂದು ವಿಚಾರಣೆಯ ತೀರ್ಪು ಬಂತು. ಮನೆಯಲ್ಲೇ ರಾಸಾಯನಿಕ ಪ್ರಯೋಗ ಮಾಡುತ್ತಿದ್ದ ಮಗನದು ಅಜಾಗರೂಕತೆಯಿಂದಾದ ಸಾವು ಎಂದೇ ತಾಯಿ ಕೊನೆವರೆಗೂ ನಂಬಿದಳು. ಪೋದನೂರಿನಲ್ಲಿ ಹುಟ್ಟಿದ ಆ ತಾಯಿ ಮಗನ ಬಗ್ಗೆ ತಾನೇ ಒಂದು ಜೀವನಚರಿತ್ರೆ ಬರೆದು 1959ರಲ್ಲಿ ಪ್ರಕಟಿಸಿದಳು. ಆಗ ಅವಳಿಗೆ 77 ದಾಟಿತ್ತು. ಯುದ್ಧದಲ್ಲಿ ಮಗ ಮಾಡಿದ ಕೆಲಸದ ಗುಟ್ಟು ಇನ್ನೂ ಬಯಲಾಗಿರಲಿಲ್ಲ. ಅಷ್ಟು ದೊಡ್ಡದನ್ನು ಬಿಟ್ಟೇ ಅವಳು ಮಗನ ಕತೆ ಹೇಳಬೇಕಾಯಿತು.

ಇಲಿಮರಿಯ ಮೈಯಲ್ಲಿ ಸಿಕ್ಕ ಉತ್ತರ

ಲೆಕ್ಕ ಸರಿಯೋ ತಪ್ಪೋ ಎಂದು ತಿಳಿಯಲು ಬಹಳ ವರ್ಷ ಬೇಕಾದವು. 1972ರಲ್ಲಿ ಜರ್ಮನಿಯ ಗೀರರ್ ಮತ್ತು ಮೈನ್‌ಹಾರ್ಟ್ ಎಂಬಿಬ್ಬರು ಹತ್ತಿರದಲ್ಲಿ ಪ್ರಚೋದನೆ, ದೂರದವರೆಗೆ ತಡೆ ಎಂಬ ಸರಳ ರೂಪದಲ್ಲಿ ಇದೇ ವಿಚಾರವನ್ನು ಮುಂದಿಟ್ಟರು. ನಾನು ಹೇಳಿದ ಚಹಾ ಅಂಗಡಿ ಅದೇ. 1990ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ರಸಾಯನಶಾಸ್ತ್ರಜ್ಞರು ಮೊದಲ ಬಾರಿಗೆ ಪ್ರಯೋಗಾಲಯದಲ್ಲಿ ಟ್ಯೂರಿಂಗನ ಮಚ್ಚೆಗಳನ್ನು ಎಬ್ಬಿಸಿದರು. 1995ರಲ್ಲಿ ಜಪಾನಿನ ಕೊಂಡೊ ಮತ್ತು ಅಸಾಯಿ ಸಮುದ್ರದ ಮೀನೊಂದರ ಪಟ್ಟೆಗಳು ಅವನ ಲೆಕ್ಕದಂತೆಯೇ ಜರುಗುವುದನ್ನು ಕಂಡರು.

ಕೂದಲಿನ ಸರದಿ ಬಂದದ್ದು 2006ರಲ್ಲಿ. ಇಲಿಯ ಭ್ರೂಣದಲ್ಲಿ ಹದಿನಾಲ್ಕನೇ ದಿನದ ಸುಮಾರಿಗೆ ನಯವಾದ ಚರ್ಮದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೋಶಗಳು ಒತ್ತಾಗುತ್ತವೆ. ಮೇಲಿನ ಪದರದ ಕೋಶಗಳು ಹತ್ತಿರ ಸರಿದು ಗುಬ್ಬಿಯಂತಾಗುತ್ತವೆ. ಅದರ ಕೆಳಗೆ ಒಳಪದರದ ಕೋಶಗಳು ನಡೆದು ಬಂದು ಗುಂಪುಗೂಡುತ್ತವೆ. ಆಮೇಲೆ ಮೇಲಿನ ಗುಬ್ಬಿ ಕೆಳಗಿಳಿದು, ಕೆಳಗಿನ ಗುಂಪನ್ನು ಅಪ್ಪಿಕೊಂಡು, ರೋಮಕೂಪ, ಅಂದರೆ ಕೂದಲು ಹುಟ್ಟುವ ಗುಂಡಿ, ಆಗುತ್ತದೆ. ಜರ್ಮನಿಯ ಫ್ರೈಬರ್ಗಿನ ಸಂಶೋಧಕರು ಇದರಲ್ಲಿ ವಿಂಟ್ ಎಂಬ ಪ್ರೋಟೀನು ಪ್ರಚೋದಕ, ಡಿಕೆಕೆ ಎಂಬುದು ತಡೆಯುವುದು ಎಂದು ತೋರಿಸಿದರು. ಡಿಕೆಕೆ ಪ್ರಮಾಣ ಬದಲಿಸಿದಾಗ ಕೂದಲಿನ ಹಂಚಿಕೆ ಹೇಗೆ ಬದಲಾಗಬೇಕೆಂದು ಟ್ಯೂರಿಂಗ್ ಮಾದರಿಯ ಲೆಕ್ಕ ಹೇಳಿತ್ತೋ ಇಲಿಯ ಮೈಯಲ್ಲೂ ಹಾಗೇ ಆಯಿತು. 2017ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ತಂಡ ಇನ್ನೊಂದು ಸಂಗತಿ ಕಂಡುಕೊಂಡಿತು. ಮೇಲಿನ ಪದರದ ಮಾದರಿ ಇಲ್ಲದಿದ್ದಾಗಲೂ ಕೆಳಗಿನ ಕೋಶಗಳು ತಮ್ಮಷ್ಟಕ್ಕೆ ತಾವೇ ಗುಂಪು ಕಟ್ಟಬಲ್ಲವು. ಟ್ಯೂರಿಂಗ್ ಊಹಿಸಿದ್ದಕ್ಕಿಂತ ಚರ್ಮದ ವ್ಯವಹಾರ ಜಟಿಲ, ಆದರೆ ಅವನ ಮೂಲ ಮಾತು ನಿಂತಿದೆ.

ಮನುಷ್ಯರಲ್ಲಿ ಈ ಕೆಲಸ ಗರ್ಭದ ಮೂರನೇ ತಿಂಗಳ ಸುಮಾರಿಗೆ ಹುಬ್ಬು, ಮೇಲ್ದುಟಿಯ ಕಡೆಯಿಂದ ಶುರುವಾಗುತ್ತದೆ. ಹುಟ್ಟುವ ಹೊತ್ತಿಗೆ ಮೈಮೇಲೆ ಸುಮಾರು 50 ಲಕ್ಷ ರೋಮಕೂಪಗಳು, ತಲೆಯಲ್ಲೇ ಒಂದು ಲಕ್ಷದಷ್ಟು. ಹುಟ್ಟಿದ ಮೇಲೆ ಹೊಸದು ಸೇರುವುದಿಲ್ಲ. ನಮ್ಮ ಬೆರಳಚ್ಚಿನ ಗೆರೆಗಳೂ ಇದೇ ಬಗೆಯ ಲೆಕ್ಕದಿಂದ ಮೂಡುತ್ತವೆ, ಕೂದಲು ಹುಟ್ಟುವ ದಾರಿಯಲ್ಲೇ ಹೊರಟು ನಡುವೆ ಬೇರೆ ಕಡೆ ತಿರುಗುತ್ತವೆ ಎಂದು ಎಡಿನ್‌ಬರೋದ ಸಂಶೋಧಕರು 2023ರಲ್ಲಿ ಪ್ರಕಟಿಸಿದರು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ನಾವೆಲ್ಲ ಟ್ಯೂರಿಂಗನ ಲೆಕ್ಕವನ್ನೇ ಒತ್ತುತ್ತಿದ್ದೇವೆ.

ಇನ್ನು ತಮ್ಮನ ವಿಷಯ. ಕೋಶಗಳ ಗುಂಪು ಗಟ್ಟಿಯಾಗಿ ನಿಲ್ಲಲು ಬೇಕಾದ ಸಂದೇಶಗಳಲ್ಲಿ ಒಂದು ಇಡಿಎ ಎಂಬ ಜೀನ್‌ನಿಂದ ಬರುತ್ತದೆ. ಅದನ್ನು ಗುರುತಿಸಿದ್ದು 1996ರಲ್ಲಿ. ಅದರ ಅಕ್ಷರಗಳಲ್ಲಿ ತಪ್ಪಾದರೆ ಕೂದಲು, ಹಲ್ಲು, ಬೆವರಿನ ಗ್ರಂಥಿ ಮೂರೂ ಸೊರಗುತ್ತವೆ. ಇದು ಹೊಸ ಕಾಯಿಲೆಯಲ್ಲ. ಸಿಂಧ್ ಪ್ರಾಂತ್ಯದ ಒಂದು ಹಿಂದೂ ಕುಟುಂಬದಲ್ಲಿ ನಾಲ್ಕು ತಲೆಮಾರಿನ ಹತ್ತು ಗಂಡಸರಿಗೆ ಹಲ್ಲು ಕೂದಲು ಕಡಿಮೆ, ಹೆಣ್ಣುಮಕ್ಕಳಿಗೆ ಏನೂ ಇಲ್ಲ, ಆದರೆ ಅವರ ಗಂಡುಮಕ್ಕಳಿಗೆ ಬರುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1875ರಲ್ಲೇ ಬರೆದಿದ್ದ. ಎಕ್ಸ್ ಕ್ರೋಮೋಸೋಮಿನ ಮೇಲೆ ಈ ಜೀನ್ ಇರುವುದರಿಂದ ಹಾಗೆ. ಕೆಲವೊಮ್ಮೆ ತಾಯಿಯಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಈ ತಪ್ಪು ಆಗುವುದುಂಟು. ಯಾವುದೇ ಆದರೂ ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

2018ರಲ್ಲಿ ಜರ್ಮನಿಯ ಎರ್ಲಾಂಗನ್‌ನ ವೈದ್ಯರು ಒಂದು ವರದಿ ಪ್ರಕಟಿಸಿದರು. ಇದೇ ತೊಂದರೆ ಇದ್ದ ಅವಳಿ ಗಂಡುಮಕ್ಕಳಿಗೆ ಅವರಿನ್ನೂ ತಾಯಿಯ ಗರ್ಭದಲ್ಲಿದ್ದಾಗಲೇ, ಕೊರತೆಯಾಗಿದ್ದ ಪ್ರೋಟೀನನ್ನು ಗರ್ಭದ ನೀರಿಗೆ ಚುಚ್ಚಿ ಕೊಟ್ಟಿದ್ದರು. ಹುಟ್ಟಿದ ಮಕ್ಕಳು ಬೆವರಿದರು. ಸಂದೇಶ ಬೇಕಾದ ಹೊತ್ತಿಗೆ ಸಿಕ್ಕರೆ ಸಾಕು, ಕೋಶಗಳಿಗೆ ಮುಂದಿನ ಕೆಲಸ ಗೊತ್ತು. ನನ್ನ ತಮ್ಮನಿಗೆ ಆ ಹೊತ್ತು ದಾಟಿ ಹೋಗಿದೆ. ಮುಂದೆ ಹುಟ್ಟುವವರಿಗೆ ದಾಟಿಲ್ಲ.

ಇಂಗ್ಲೆಂಡಿನ ಪ್ರಧಾನಿ ಗಾರ್ಡನ್ ಬ್ರೌನ್ 2009ರಲ್ಲಿ ಟ್ಯೂರಿಂಗನಿಗಾದ ಅನ್ಯಾಯಕ್ಕೆ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. 2013ರ ಡಿಸೆಂಬರಿನಲ್ಲಿ ರಾಣಿಯ ಕ್ಷಮಾದಾನ ಬಂತು. 2021ರ ಜೂನ್ 23ರಂದು, ಆತನ ಹುಟ್ಟುಹಬ್ಬದ ದಿನ, ಆತನ ಮುಖವಿರುವ 50 ಪೌಂಡಿನ ನೋಟು ಚಲಾವಣೆಗೆ ಬಂತು. ಅದೇ ಬ್ರಿಟಿಷರು ಇಲ್ಲಿ ಬಿಟ್ಟುಹೋಗಿದ್ದ 377ನೇ ಸೆಕ್ಷನ್ನಿನಡಿ ವಯಸ್ಕರ ಒಪ್ಪಿತ ಪ್ರೀತಿ ಅಪರಾಧವಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಎಲ್ಲವೂ ತಡವಾಗಿ ಬಂದವು. ಆತ ಇನ್ನೊಂದು ಇಪ್ಪತ್ತು ವರ್ಷ ಬದುಕಿದ್ದರೆ ಅರ್ಧಕ್ಕೇ ನಿಂತ ಆ ಹೂವಿನ ಲೆಕ್ಕ ಎಲ್ಲಿಗೆ ಮುಟ್ಟುತ್ತಿತ್ತೋ ಎಂದು ಯೋಚಿಸುತ್ತೇನೆ.

ಕಳೆದ ಬೇಸಿಗೆಯಲ್ಲಿ ಸುರಪುರಕ್ಕೆ ಹೋದಾಗ ಗ್ರಹಣದ ಮಾತು ಮತ್ತೆ ಬಂತು. ಈ ಸಲ ನಾನು ಸುಮ್ಮನಿರಲಿಲ್ಲ. ನೋಟ್‌ಬುಕ್ ತೆರೆದು ಚುಕ್ಕೆ ಇಟ್ಟು, ಚಹಾ ಅಂಗಡಿಯ ಕತೆಯಿಂದ ಶುರುಮಾಡಿ, ಎಲ್ಲವನ್ನೂ ಹೇಳಿದೆ. ಕೆಲವರು ನಂಬಿದರು, ಕೆಲವರು ಎದ್ದು ಹೋದರು. ಅವ್ವ ಕೊನೆವರೆಗೂ ಕೇಳಿದಳು. ಆಮೇಲೆ ಬಂದು, ಹೊರಗೆ ಹೋಗಿದ್ದರೂ ಹೋಗದಿದ್ದರೂ ಇವನು ಹೀಗೇ ಹುಟ್ಟುತ್ತಿದ್ದನಾ ಎಂದು ಕೇಳಿದಳು. ಹೌದು ಅಂದೆ. ಮತ್ತೆ ಏನೂ ಕೇಳಲಿಲ್ಲ, ತಮ್ಮನ ಟವೆಲ್ ಒಣಗಿತ್ತು, ಅದನ್ನು ಒದ್ದೆ ಮಾಡಲು ಒಳಗೆ ಹೋದಳು.

ಗೆಳೆಯರೇ, ನಿಮ್ಮ ಓಣಿಯಲ್ಲೂ ಇಂಥ ಹುಡುಗನೊಬ್ಬ ಇರಬಹುದು. ಬಿಸಿಲಲ್ಲಿ ಆಡಲು ಕರೆಯಬೇಡಿ, ಸಂಜೆ ತಂಪಾದ ಮೇಲೆ ಕರೆಯಿರಿ. ಜೊತೆಗೆ ಒಂದು ಬಾಟಲಿ ನೀರಿಟ್ಟುಕೊಳ್ಳಿ. ಅವನ ಅವ್ವನನ್ನು ಮಾತ್ರ ಏನೂ ಕೇಳಬೇಡಿ.